ಎರಡು ದಿನ ತಡೆಯುವ ದಾಡಿ

ಹೈದರಾಬಾದಿನ ನಾರಾಯಣಗೂಡದ ಒಂದು ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿ ಮುಂಜಾನೆ ಆರರಿಂದ ಏಳರವರೆಗೆ ಬಚ್ಚಲುಮನೆ ಯಾರಿಗೂ ಸಿಗುವುದಿಲ್ಲ. ಒಳಗೆ ನರಹರಿ ದಾಡಿ ಮಾಡಿಕೊಳ್ಳುತ್ತಿರುತ್ತಾನೆ. ಮೊದಲು ಬ್ರಷ್ಷು ಬಿಸಿನೀರಿನಲ್ಲಿ ನೆನೆಯಬೇಕು. ಆಮೇಲೆ ಪಿಂಗಾಣಿ ಬಟ್ಟಲಲ್ಲಿ ಸಾಬೂನು ಕಡೆಯಬೇಕು. ನೊರೆ ಮೊಸರಿಗಿಂತ ಗಟ್ಟಿ, ಬೆಣ್ಣೆಗಿಂತ ಸಡಿಲ ಆಗುವವರೆಗೆ. ಒಮ್ಮೆ ಕೂದಲು ಬೆಳೆದ ದಿಕ್ಕಿಗೆ, ಒಮ್ಮೆ ಅಡ್ಡ, ಕೊನೆಗೊಮ್ಮೆ ಎದುರು, ಹೀಗೆ ಮೂರು ಸುತ್ತು. ಆಮೇಲೆ ತಣ್ಣೀರು, ಉರಿ-ಗಾಯಕ್ಕೆ ಪಟಕದ ಹರಳು, ಕಿವಿಯ ಹಿಂದೆ ಎರಡು ಹನಿ ಅತ್ತರು. ಇಷ್ಟಾದ ಮೇಲೆ ರೇಜರು, ಬ್ರಷ್ಷು, ಸಾಬೂನಿನ ಡಬ್ಬಿ, ಅತ್ತರಿನ ಸೀಸೆಗಳನ್ನು ಬಿಳಿ ಟವೆಲ್ಲಿನ ಮೇಲೆ ಖಂಡೇಪೂಜೆಗೆ ಆಯುಧ ಇಟ್ಟಂತೆ ಸಾಲಾಗಿ ಇಟ್ಟು, ಫೋಟೋ ತೆಗೆದು, ‘ನೊರೆ ಬಳಗ’ ಎಂಬ ವಾಟ್ಸಾಪ್ ಗುಂಪಿಗೆ ಕಳಿಸಬೇಕು. ಆ ಹೊತ್ತಿಗೆ ಹೊರಗಿನಿಂದ ಹೆಂಡತಿ ಕಮಲಾಕ್ಷಿ ಬಾಗಿಲು ಬಡಿಯುತ್ತಾಳೆ. ಬ್ಯಾಂಕಿನ ಕೌಂಟರಿನಲ್ಲಿ ಇಪ್ಪತ್ತೇಳು ವರ್ಷ ಕೂತವಳ ಬಡಿತ ಅದು.

“ಹೊರಗ ಬರ್ತೀರೋ, ಇಲ್ಲಾ ಗಡ್ಡ ಮತ್ತ ಬೆಳಿಯೂತನಕಾ ಅಲ್ಲೇ ಕೂಡ್ತೀರೋ?”

ನರಹರಿಗೆ ಐವತ್ನಾಲ್ಕು. ಊರ ಹೊರಗಿನ ಕೇಂದ್ರ ಸರ್ಕಾರದ ರಕ್ಷಣಾ ಕಾರ್ಖಾನೆಯೊಂದರಲ್ಲಿ ತಪಾಸಣಾ ವಿಭಾಗದವನು. ಲೋಹದ ಬಿಡಿಭಾಗಗಳನ್ನು ಕೂದಲಿನ ಹತ್ತರಲ್ಲೊಂದು ಪಾಲಿನಷ್ಟು ನಿಖರವಾಗಿ ಅಳೆದು ‘ಸ್ವೀಕೃತ’ ಅಥವಾ ‘ತಿರಸ್ಕೃತ’ ಎಂದು ಠಸ್ಸೆ ಒತ್ತುವುದು ಅವನ ಕೆಲಸ. ಕಾರ್ಖಾನೆಯಲ್ಲಿ ಅವನ ಠಸ್ಸೆಗೆ ಇಂಜಿನಿಯರುಗಳೂ ಹೆದರುತ್ತಾರೆ. ಮನೆಯಲ್ಲಿ ಮಾತ್ರ ಠಸ್ಸೆ ಕಮಲಾಕ್ಷಿಯ ಕೈಯಲ್ಲಿದೆ.

ಹನ್ನೊಂದು ವರ್ಷದ ಹಿಂದೆ ಅವನೂ ಎಲ್ಲರಂತೆ ಪ್ಲಾಸ್ಟಿಕ್ ರೇಜರಿನಿಂದ ಐದು ನಿಮಿಷದಲ್ಲಿ ಕೆಲಸ ಮುಗಿಸುವ ಮನುಷ್ಯನಾಗಿದ್ದ. ಒಂದು ಗುರುವಾರ ಹಳೆಯ ಸಾಮಾನು ಮಾರುವ ಜುಮ್ಮೇರಾತ್ ಬಜಾರಿನಲ್ಲಿ ಬೀಗ ಹುಡುಕಲು ಹೋದವನು ಹಳೆಯ ಹಿತ್ತಾಳೆ ರೇಜರೊಂದನ್ನು ಹಿಡಿದುಕೊಂಡು ಬಂದ. ಬೀಗ ಇವತ್ತಿಗೂ ಬಂದಿಲ್ಲ. ರೇಜರಿಗೆ ಜೊತೆ ಬೇಕೆಂದು ಇನ್ನೊಂದು ಬಂತು. ಎರಡಕ್ಕೂ ಇಡಲು ಕಪಾಟು ಬಂತು. ಕಪಾಟು ಖಾಲಿ ಕಾಣಬಾರದೆಂದು ಉಳಿದವು ಬಂದವು. ಈಗ ಮೂವತ್ತೇಳು ರೇಜರುಗಳಿವೆ. ಗದ್ದ ಒಂದೇ.

ಸಾಬೂನಿನ ಕಥೆ ಇನ್ನೂ ಘೋರ. ಮೊದಲು ಅದು ಹೊರದೇಶದಿಂದ ಚೆಂದದ ಮರದ ಬಟ್ಟಲುಗಳಲ್ಲಿ ಬರುತ್ತಿತ್ತು. ಖಾಲಿಯಾದ ಬಟ್ಟಲೊಂದು ಕಮಲಾಕ್ಷಿಗೆ ಎಷ್ಟು ಹಿಡಿಸಿತೆಂದರೆ ಅದನ್ನು ದೇವರ ಮನೆಯಲ್ಲಿ ಅಕ್ಷತೆಗೆ ಇಟ್ಟುಕೊಂಡಳು. ಎರಡು ವರ್ಷದ ಮೇಲೆ ಒಂದು ದಿನ ಬಟ್ಟಲಿನ ತಳದ ಸಣ್ಣ ಅಕ್ಷರಗಳನ್ನು ಕನ್ನಡಕ ಹಾಕಿಕೊಂಡು ಓದಿದಳು. ಸಾಬೂನು ಪ್ರಾಣಿಯ ಕೊಬ್ಬಿನದು. ಅದೇ ಆವೇಶದಲ್ಲಿ ಬ್ರಷ್ಷಿನ ಹಿಡಿಯನ್ನೂ ಓದಿದಳು. ಕೂದಲು ಹಂದಿಯದು.

“ನಾಲ್ಕ ವರ್ಷ ಮಾರಿಗೆ ಹಂದಿ ತಿಕ್ಕೊಂಡು, ಅದೇ ಮಾರೀಲೆ ಸಂಧ್ಯಾವಂದನಿಗೆ ಕೂತೀರಿ?” ಎಂದಳು. ದೇವರ ಮನೆಯನ್ನು ಮೂರು ಸಲ ತೊಳೆದರು. ಬ್ರಷ್ಷು ಇಕ್ಕಳದ ತುದಿಯಲ್ಲಿ ಮನೆ ಬಿಟ್ಟಿತು.

ಬೇರೆಯವನಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದ. ನರಹರಿ ನೈಲಾನ್ ಬ್ರಷ್ಷು ತಂದು, ಅಪ್ಪಟ ಸಸ್ಯಾಹಾರಿ ಸಾಬೂನನ್ನು ತಾನೇ ತಯಾರಿಸುವ ಹಟ ತೊಟ್ಟ. ಕೊಬ್ಬರಿ ಎಣ್ಣೆ, ಔಡಲೆಣ್ಣೆ, ಮುರುಗಲ ತುಪ್ಪ. ಹದಿಮೂರು ಪಾಕ ಕೆಟ್ಟವು. ಒಂದು ಕಲ್ಲಾಯಿತು, ಒಂದು ಸಾರಾಯಿತು, ಒಂದು ಹಚ್ಚಿಕೊಂಡವನನ್ನು ನಾಲ್ಕು ದಿನ ರಜೆಯ ಮೇಲೆ ಕೂರಿಸಿತು. ಹದಿನಾಲ್ಕನೆಯದಕ್ಕೆ ಅವನು ಅಗಸಿ ಬೀಜ ಕುದಿಸಿ ತೆಗೆದ ಲೋಳೆ ಬೆರೆಸಿದ. ಚಾರ್‌ಮಿನಾರ್ ಹತ್ತಿರದ ಅತ್ತರಿನವನ ಬಳಿ ತಂದ, ಊರ ಕಡೆ ಬಾಳದ ಬೇರು ಎನ್ನುವ ಲಾವಂಚದ ಎಣ್ಣೆ ಹಾಕಿದ. ಆ ಸಾಬೂನಿನ ಮೇಲೆ ರೇಜರು ಇಟ್ಟರೆ ಸಾಕು, ತಾನೇ ಜಾರಿಕೊಂಡು ಕಿವಿಯವರೆಗೆ ಹೋಗುತ್ತಿತ್ತು. ಬಳಗದವರು ಕೈಮುಗಿಯುವ ಚಿತ್ರಗಳನ್ನು ಸಾಲುಸಾಲಾಗಿ ಕಳಿಸಿದರು.

ಅಗಸಿ ಬಂದದ್ದು ಹುನಗುಂದದಿಂದ. ಚಟ್ನಿಪುಡಿಗೆಂದು ತಂದುಕೊಟ್ಟವರು ಕಮಲಾಕ್ಷಿಯ ತಂದೆ ಬಿಂದುಮಾಧವ ಮಾಸ್ತರು.

ಮಾಸ್ತರು ನಿವೃತ್ತ ಹೆಡ್ಮಾಸ್ತರು. ಪ್ರತಿ ಕಾರ್ತೀಕದಲ್ಲಿ ಮಗಳ ಮನೆಗೆ ಬಂದರೆ ಸಂಕ್ರಾಂತಿಯವರೆಗೆ ಇರುವವರು. ಮೂವತ್ತೆಂಟು ವರ್ಷದ ನೌಕರಿಯಲ್ಲಿ ಯಾರಿಗೂ ಒಂದೇ ಒಂದು ಗ್ರೇಸ್ ಮಾರ್ಕು ಕೊಟ್ಟವರಲ್ಲ. ಒಂದು ಮಾರ್ಕಿಗೆ ಸ್ವಂತ ಅಣ್ಣನ ಮಗನನ್ನೇ ಫೇಲು ಮಾಡಿದ್ದು ಆ ಮನೆತನದಲ್ಲಿ ಇವತ್ತಿಗೂ ಮಾಯದ ಗಾಯ. ದಾಡಿಯ ವಿಷಯದಲ್ಲೂ ಹಾಗೆಯೇ. ಒಂದು ರೇಜರು, ಮೈಸಾಬೂನಿನ ಸವೆದ ಚೂರು, ನಾಲ್ಕು ನಿಮಿಷ. ಅರವತ್ತು ವರ್ಷದಿಂದ ಇನ್ನೊಬ್ಬರ ಕೈಗೆ ಗದ್ದ ಕೊಟ್ಟಿರಲಿಲ್ಲ. ಅಳಿಯನ ಕಪಾಟಿನ ಮುಂದೆ ನಿಂತು ಅವರು ವರ್ಷಕ್ಕೊಮ್ಮೆ ಒಂದೇ ಮಾತು ಹೇಳುತ್ತಿದ್ದರು.

“ನರಹರಿರಾಯರ, ಇಷ್ಟ ಕಬ್ಬಿಣಾ ಕೂಡಿಸೀರಿ. ಎರಡ ಎಕರೆ ಊಳಬಹುದಿತ್ತಲ್ರಿ.”

ಈ ಸಲ ಅವರು ಬಂದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಅವರಿಗೆ ಎಂಬತ್ತು ತುಂಬುತ್ತಿತ್ತು. ಹೈದರಾಬಾದಿನ ಕಾರ್ಖಾನೆಗಳಲ್ಲಿ ನೌಕರಿಗಿರುವ ಅವರ ಹಳೆಯ ವಿದ್ಯಾರ್ಥಿಗಳು ಸೇರಿ, ಕಾಚಿಗೂಡದ ಒಂದು ಸಭಾಂಗಣ ಹಿಡಿದು, ಸರಿಯಾಗಿ ಅವರ ಜನ್ಮನಕ್ಷತ್ರ ಬಂದ ಬುಧವಾರದಂದು ಸನ್ಮಾನ ಇಟ್ಟುಕೊಂಡಿದ್ದರು. ಕರೆಯೋಲೆಯೂ ಅಚ್ಚಾಗಿತ್ತು.

ಸನ್ಮಾನಕ್ಕೆ ನಾಲ್ಕು ವಾರವಿರುವಾಗ, ಒಂದು ಗುರುವಾರ ಬೆಳಿಗ್ಗೆ ನರಹರಿ ದಾಡಿ ಮುಗಿಸಿ ಬಟ್ಟಲು ತೊಳೆದು ಬಂದ. ನೆಲದ ಮೇಲೆ ಎರಡು ಬೆರಳಷ್ಟು ನೊರೆ ಉಳಿದಿತ್ತು. ನೀರು ಬಿದ್ದರೆ ಕನ್ನಡಿಯಂತೆ ತಿಳಿಯಾಗಿ ಕಣ್ಣಿಗೆ ಕಾಣದಿರುವುದು ಹದಿನಾಲ್ಕನೆಯ ಪಾಕದ ಹೆಚ್ಚುಗಾರಿಕೆ. ಅವನ ಹಿಂದೆಯೇ ಮಾಸ್ತರು ಒಳಗೆ ಕಾಲಿಟ್ಟರು. ತಂಬಿಗೆ ಮೊದಲು ಹೊರಗೆ ಬಂತು, ಆಮೇಲೆ ಸಪ್ಪಳ ಬಂತು.

ಬಲಗೈ ಮಣಿಕಟ್ಟು ಮುರಿದಿತ್ತು. ಆರು ವಾರ ಪ್ಲಾಸ್ಟರ್. ಆಸ್ಪತ್ರೆಯಿಂದ ಬರುವ ಆಟೋದಲ್ಲಿ ನರಹರಿ ತಲೆ ತಗ್ಗಿಸಿ ಕೂತಿದ್ದ. ನಾಚಿಕೆಗೇಡಿನ ಮಾತೆಂದರೆ, ಆ ಸಂಕಟದ ನಡುವೆಯೂ ಮನಸ್ಸಿನ ಒಂದು ಮೂಲೆಯಲ್ಲಿ ಸಾಬೂನಿನ ಬಗ್ಗೆ ಹೆಮ್ಮೆ ಎನಿಸಿತ್ತು.

ನಾಲ್ಕನೆಯ ದಿನ ಮಾಸ್ತರು ಎಡಗೈಯಿಂದ ದಾಡಿ ಮಾಡಿಕೊಳ್ಳಲು ನೋಡಿದರು. ಹೊರಗೆ ಬಂದಾಗ ಮುಖದ ಮೇಲೆ ಪೇಪರಿನ ಮೂರು ಚೂರು ಅಂಟಿದ್ದವು. ಒಂದರಲ್ಲಿ ಬಂಗಾರದ ಧಾರಣೆ ಓದಬಹುದಿತ್ತು. ನರಹರಿ ಅಳುಕುತ್ತಲೇ ಹೇಳಿದ.

“ಮಾವನವರ, ಕಾಚಿಗೂಡದಾಗ ತಾಯಪ್ಪ ಅಂತ ಒಬ್ಬ ಕ್ಷೌರದಾಂವ ಇದ್ದಾನ. ನಮ್ಮ ರಾಯಚೂರ ಕಡಿಯಾಂವ. ಮನೀಗೇ ಕರಕೊಂಡ ಬರ್ತೀನಿ.”

ಮಾಸ್ತರು ಕನ್ನಡಕದ ಮೇಲಿಂದ ನೋಡಿದರು. ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿಗೆ ಅಳಿಯನನ್ನು ಏಕವಚನದಲ್ಲಿ ಕರೆದರು.

“ನನ್ನ ಕೆಡವಿದಾಂವ ತಾಯಪ್ಪಲ್ಲ. ಕೆಡವಿದಾಂವ ನೀನು. ದಾಡೀನೂ ನೀನ ಮಾಡಬೇಕು.”

ನರಹರಿ ಏಳನೇ ಇಯತ್ತೆಯ ಹುಡುಗನಂತೆ ಎದ್ದು ನಿಂತ. “ನಾನು ಇನ್ನೊಬ್ಬರಿಗೆ ಯಾವತ್ತೂ ಮಾಡಿಲ್ರಿ...”

“ಕಲಿ. ಕಲತ ಮ್ಯಾಲೆ ಬಾ. ಪಾಠ ಬರಲಾರದವ್ನ ಕೈಯಾಗ ನಾ ಬೋರ್ಡಿನ ಮ್ಯಾಲೆ ಬರೀಲಿಕ್ಕೆ ಖಡು ಕೊಟ್ಟಾಂವಲ್ಲ.”

ಅಡುಗೆಮನೆಯಿಂದ ಕಮಲಾಕ್ಷಿ ಲಟ್ಟಣಿಗೆ ಸಮೇತ ಬಂದು ತನ್ನ ಷರಾ ಸೇರಿಸಿದಳು. “ಹನ್ನೊಂದ ವರ್ಷಾತು, ಈ ಕಪಾಟು ಯಾರ ಉಪಯೋಗಕ್ಕ ಬಂದದ? ಆ ಬುಧವಾರ ಅಪ್ಪನ ಗದ್ದದ ಮ್ಯಾಲೆ ಒಂದ ಬಿಳೀ ಕೂದಲಾ ಕಾಣ್ಲಿ. ಗುರುವಾರ ರದ್ದಿಯಾಂವ ಬರ್ತಾನ. ತೂಕಕ್ಕ ಹಾಕ್ತೀನಿ, ಎಲ್ಲಾನೂ.”

ನರಹರಿಗೆ ಕಪಾಟಿನ ಮೂವತ್ತೇಳೂ ರೇಜರುಗಳು ತನ್ನನ್ನೇ ನೋಡಿದಂತಾಯಿತು. ರದ್ದಿಯವನ ತಕ್ಕಡಿಯಲ್ಲಿ ಆ ಹಿತ್ತಾಳೆಯದು ಹಳೆಯ ನಲ್ಲಿಗಳ ಜೊತೆ ಬಿದ್ದದ್ದು ಕಣ್ಣಿಗೆ ಕಟ್ಟಿತು. “ಆಗ್ಲಿ, ನಾನ ಮಾಡ್ತೀನಿ,” ಎಂದ. ಧ್ವನಿ ಅವನಿಗೇ ಹೊಸದೆನಿಸಿತು.

ಆಮೇಲೆ ಮಾಸ್ತರು ಎಡಗೈಯಿಂದ ಪಂಚಾಂಗ ತೆರೆದರು. ಜನ್ಮನಕ್ಷತ್ರದ ದಿನ ಕ್ಷೌರ ನಿಷಿದ್ಧ. ಎಂದರೆ ಬುಧವಾರ ಇಲ್ಲ. ಮಂಗಳವಾರ ಮೊದಲೇ ಇಲ್ಲ. ಅದಕ್ಕೂ ಹಿಂದಿನ ಶುಕ್ರವಾರ, ಶನಿವಾರ ಇಲ್ಲ; ಭಾನುವಾರ ಏಕಾದಶಿ. ಉಳಿದದ್ದು ಒಂದು ಸೋಮವಾರ. ಸೋಮವಾರ ಬೆಳಿಗ್ಗೆ ಮಾಡಿದ ದಾಡಿ ಬುಧವಾರ ಸಂಜೆ ಶಾಲು ಹೊದಿಸುವವರೆಗೆ ತಾಜಾ ಕಾಣಬೇಕು. ಸಾಧಾರಣ ದಾಡಿ ಸಂಜೆಗೇ ಮುಳ್ಳು ಬಿಡುತ್ತದೆ. ಎರಡು ದಿನ ತಡೆಯಬೇಕೆಂದರೆ ಕೂದಲನ್ನು ಚರ್ಮದ ಅಂಚಿಗೇ, ಬೇರು ಬೆಚ್ಚುವಷ್ಟು ಹತ್ತಿರ ಕತ್ತರಿಸಬೇಕು. ಅದೂ ಎಂಬತ್ತು ವರ್ಷದ, ಹಳೆಯ ಧೋತರದಂತೆ ಮಡಿಕೆ ಬಿದ್ದ ಚರ್ಮದ ಮೇಲೆ.

ನರಹರಿ ಮೊದಲು ಬಳಗವನ್ನು ಕೇಳಿದ. ಒಬ್ಬ ಬ್ಲೇಡು ಬದಲಿಸಿ ಎಂದ, ಇನ್ನೊಬ್ಬ ಅತ್ತರು ಬದಲಿಸಿ ಎಂದ. ಬಳಗದ ತಿಂಗಳ ಸಭೆ ನಡೆಯುವುದು ಬೇಗಂಪೇಟೆಯ ದಂತವೈದ್ಯ ನಿತಿನನ ದವಾಖಾನೆಯಲ್ಲಿ. ಅಲ್ಲಿ ಹಿಂದಕ್ಕೆ ವಾಲುವ ಕುರ್ಚಿ, ದೀಪ, ತೊಟ್ಟಿ ಎಲ್ಲ ಇದೆಯೆಂದು. ಆ ನಿತಿನನೇ ಫೋನ್ ಮಾಡಿ ಹೇಳಿದ: “ಸರ್, ಇದಕ್ಕ ಉಸ್ತರಾನೇ ಬೇಕು. ಅದರ ಬಗ್ಗೆ ನಿಮಗಿಂತ ಹೆಚ್ಚು ಯಾರಿಗೆ ಗೊತ್ತದ?”

ಕಷ್ಟ ಇದ್ದದ್ದೇ ಅಲ್ಲಿ. ಮಡಚುವ ಹಿಡಿಯ ಬರೀ ಅಲಗಿನ ಉಸ್ತರಾಗಳು ನರಹರಿಯ ಬಳಿ ನಾಲ್ಕಿದ್ದವು. ಅವುಗಳ ಇತಿಹಾಸ, ಉಕ್ಕು, ಹಿಡಿಯುವ ಕೋನಗಳ ಬಗ್ಗೆ ಅವನು ಬಳಗಕ್ಕೆ ಹನ್ನೆರಡು ಕಂತು ಬರೆದಿದ್ದ. ಒಂದನ್ನೂ ಒಮ್ಮೆಯೂ ಮುಖಕ್ಕೆ ತಾಗಿಸಿರಲಿಲ್ಲ. ಹೆದರಿಕೆ. ಫೋಟೋ ತೆಗೆದು ಒರೆಸಿ ಇಡುತ್ತಿದ್ದ, ಅಷ್ಟೆ.

ತಾಯಪ್ಪನ ಅಂಗಡಿ ಕಾಚಿಗೂಡ ಸ್ಟೇಷನ್ನಿನ ಎದುರು ಸಂದಿಯಲ್ಲಿದೆ. ಒಂದೇ ಕುರ್ಚಿ. ದೇವದುರ್ಗದ ಕಡೆಯಿಂದ ನಲವತ್ತು ವರ್ಷದ ಹಿಂದೆ ಬಂದವನು. ಗಿರಾಕಿಗಳ ಜೊತೆ ತೆಲುಗು, ಚಹಾದವನ ಜೊತೆ ದಖನಿ ಉರ್ದು, ಉಸ್ತರಾದ ಜೊತೆ ಕನ್ನಡ ಮಾತಾಡುತ್ತಾನೆ. ನರಹರಿ ತಂದ ಜರ್ಮನ್ ಉಸ್ತರಾವನ್ನು ಬೆಳಕಿಗೆ ಹಿಡಿದು, ಹೆಬ್ಬೆರಳ ಉಗುರಿನ ಮೇಲೆ ಆಡಿಸಿದ.

“ನೋಡಾಕ ಭಾಳ ಛಲೋ ಐತ್ರಿ ಸಾಹೇಬ್ರ. ಬದನಿಕಾಯಿ ಕೊಯ್ಯಾಕ ಬರತೈತಿ.”

“ಹರಿತ ಇಲ್ಲೇನು?”

“ಹರಿತ ಅಂದ್ರ ಕಪಾಟಿನ್ಯಾಗ ಕುಂತ್ರ ಬರತೈತೇನ್ರಿ? ಮೈಗೆ ಹತ್ತಬೇಕು, ಕಲ್ಲಿಗೆ ಹತ್ತಬೇಕು, ತೊಗಲಿನ ಪಟ್ಟಾಕ್ಕ ಹತ್ತಬೇಕು.” ಆಮೇಲೆ ಇದು ಯಾರ ಗದ್ದಕ್ಕೆಂದು ಕೇಳಿದ. ಮಾವನ ಕಥೆ ಪೂರ್ತಿ ಕೇಳಿ, ಚಹಾ ಬಟ್ಟಲು ಕೆಳಗಿಟ್ಟು ನಕ್ಕ. “ಮಂಗಳಾರ ಬರ್ರಿ. ಅವತ್ತ ಅಂಗಡಿ ಬಂದ್ ಇರತೈತಿ. ಬರೂಮುಂದ ಹುಡುಗ್ರು ಊದೂ ಪುಗ್ಗಾ ತರ್ರಿ, ಒಂದ ಡಜನ್ನು.”

“ಮಂಗಳವಾರ ದಾಡಿ...?”

“ಗದ್ದಕ್ಕ ವಾರ-ತಿಥಿ ಐತ್ರಿ. ಪುಗ್ಗಾಕ್ಕ ಏನೈತಿ?”

ಹೀಗೆ ಮಂಗಳವಾರಗಳು ಶುರುವಾದವು. ಅರ್ಧ ಇಳಿಸಿದ ಶಟರಿನ ಹಿಂದೆ ತಾಯಪ್ಪ ಪುಗ್ಗಾ ಊದಿ, ಅದಕ್ಕೆ ಸಾಬೂನು ಬಳಿದು, ಕುರ್ಚಿಯ ತಲೆದಿಂಬಿಗೆ ಕಟ್ಟುತ್ತಿದ್ದ. ಕಾರ್ಖಾನೆಯ ಪಾಳಿ ಮುಗಿಸಿ ಬಂದ ನರಹರಿ ಅದರ ನೊರೆಯನ್ನು ಉಸ್ತರಾದಿಂದ ತೆಗೆಯಬೇಕು. ಮೊದಲ ಮಂಗಳವಾರ ಹನ್ನೊಂದು ಪುಗ್ಗಾ ಒಡೆದವು. ಪಟಾಕಿಯ ಸದ್ದೆಂದುಕೊಂಡು ಪಕ್ಕದ ಚಹಾದವನು ಶಟರಿನಡಿ ಬಗ್ಗಿ ನೋಡಿದ.

“ಕ್ಯಾ ತಾಯಪ್ಪ ಭಾಯಿ, ದೀವಾಳಿ ಅಬ್ ಬೀ ಚಲ್ರಯ್ ಕ್ಯಾ?”

ಹನ್ನೆರಡನೆಯದು ನೋಡುತ್ತ ನೋಡುತ್ತ ತಾನಾಗಿಯೇ ಒಡೆಯಿತು. ನರಹರಿಯ ಕೈಗಿಂತ ಕಣ್ಣಿಗೆ ಹೆದರಿತೆಂದು ತಾಯಪ್ಪನ ಅಭಿಪ್ರಾಯ. “ನೀವು ಉಸ್ತರಾ ನೋಡಾಕತ್ತೀರಿ. ಅದು ಎಲ್ಲೂ ಓಡಿ ಹೋಗಂಗಿಲ್ರಿ. ಗದ್ದ ನೋಡ್ರಿ.”

ಎರಡನೆಯ ಮಂಗಳವಾರ ಏಳು ಒಡೆದವು. ಆ ವಾರವೆಲ್ಲ ನರಹರಿ ಮುಂಜಾನೆಯ ಫೋಟೋ ನಿಲ್ಲಿಸಿ, ಅದೇ ಹೊತ್ತಿನಲ್ಲಿ ತನ್ನ ಗದ್ದದ ಮೇಲೇ ಉಸ್ತರಾ ಹಿಡಿದ. ಕಾರ್ಖಾನೆಗೆ ಎರಡು ಪಟ್ಟಿ ಹಚ್ಚಿಕೊಂಡು ಹೋದ. ಬೆಕ್ಕು ಸಾಕಿದ್ದೀರಾ ಎಂದು ಸಹೋದ್ಯೋಗಿಗಳು ಕೇಳಿದರು. ಹೌದು ಎಂದ. ಮೂರನೆಯ ಮಂಗಳವಾರ ಹನ್ನೆರಡು ಪುಗ್ಗಾಗಳೂ ಬದುಕಿದವು. ತಾಯಪ್ಪ ಅವನ್ನು ಒಂದೊಂದಾಗಿ ತಟ್ಟಿ ನೋಡಿ, ತಾನೇ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದ.

“ಈಗ ನನ್ನ ಮಾರಿ ಮುಟ್ರಿ. ಉಸ್ತರಾ ಬ್ಯಾಡ, ಮಂಗಳಾರ ಐತಿ. ಬರೇ ಕೈ ಬಳ್ಳೀಲೆ. ಕೂದಲಾ ಯಾ ಕಡೆ ಮಲಗ್ಯಾವು ಬಳ್ಳು ಹೇಳತಾವು. ಕಣ್ಣ ಸುಳ್ಳು ಹೇಳತಾವ್ರಿ, ಬಳ್ಳು ಹೇಳಂಗಿಲ್ಲ.”

ನರಹರಿ ಬೆರಳಿನಿಂದ ಮುಟ್ಟಿದ. ಮೂವತ್ತೇಳು ರೇಜರಿನ ಒಡೆಯ ಇನ್ನೊಬ್ಬ ಗಂಡಸಿನ ಕೆನ್ನೆ ಮುಟ್ಟಿದ್ದು ಅದೇ ಮೊದಲು. ನಾಚಿಕೆಯಾಯಿತು.

“ಮತ್ತೊಂದು ಮಾತು. ಗಿರಾಕಿ ನಿದ್ದಿ ಹೊಡದ್ರ ನೀವು ಪಾಸು. ಕಣ್ಣ ತೆರಕೊಂಡ ಕುಂತಿದ್ರ ಇನ್ನಾ ನಂಬಿಕಿ ಬಂದಿಲ್ಲಂತ ತಿಳಕೋರಿ.”

ಗುರುದಕ್ಷಿಣೆಯಾಗಿ ತಾಯಪ್ಪ ಕೇಳಿದ್ದು ಮಾವನನ್ನು ಕೆಡವಿದ ಸಾಬೂನಿನ ಒಂದು ಡಬ್ಬಿ.

ಇತ್ತ ಮಾಸ್ತರ ಗಡ್ಡ ಬೆಳ್ಳಗೆ ಬೆಳೆಯುತ್ತಿತ್ತು. ಅದು ಅಯ್ಯಪ್ಪ ಮಾಲೆಯ ಕಾಲವಾದ್ದರಿಂದ ಕೆಳಗಿನ ಮನೆಯ ಗೋದಾವರಮ್ಮ ಅವರು ದೀಕ್ಷೆ ತೆಗೆದುಕೊಂಡಿದ್ದಾರೆಂದೇ ತಿಳಿದು, ದಿನಾ ‘ಸ್ವಾಮಿ ಶರಣಂ’ ಎಂದು ಕೈಮುಗಿದು ಬಾಳೆಹಣ್ಣು ಕೊಟ್ಟು ಹೋಗುತ್ತಿದ್ದರು. ಎರಡು ದಿನ ಮಾಸ್ತರು ತಿದ್ದಲು ನೋಡಿದರು. ಮೂರನೆಯ ದಿನದಿಂದ ಹಣ್ಣು ತಿಂದರು.

ನರಹರಿ ಮನೆಯಲ್ಲೂ ಸುಮ್ಮನಿರಲಿಲ್ಲ. ತಪಾಸಣಾ ವಿಭಾಗದವನು ನಕ್ಷೆಯಿಲ್ಲದೆ ಕೆಲಸಕ್ಕೆ ಇಳಿಯುವುದುಂಟೇ? ಮಾಸ್ತರು ಮುಂಜಾನೆ ಹಲ್ಲುಜ್ಜುವಾಗ ಬೆನ್ನ ಹಿಂದೆ ನಿಂತು, ಕನ್ನಡಿಯಲ್ಲಿ ಅವರ ಮುಖ ನೋಡುತ್ತ, ಕೂದಲು ಎಲ್ಲೆಲ್ಲಿ ಯಾವ ದಿಕ್ಕಿಗೆ ಬೆಳೆದಿದೆ ಎಂದು ಗ್ರಾಫ್ ಹಾಳೆಯ ಮೇಲೆ ಬಾಣದ ಗುರುತು ಹಾಕಿದ. ಹತ್ತು ದಿನದಲ್ಲಿ ಗದ್ದದ ಪೂರ್ಣ ನಕ್ಷೆ ಸಿದ್ಧವಾಯಿತು. ಎಡ ಕುತ್ತಿಗೆಯಲ್ಲಿ ಸುಳಿ, ಬಲ ಕುತ್ತಿಗೆಯಲ್ಲಿ ಕೆಳಮುಖ. ಕೆಳಗೆ ಸಹಿಯನ್ನೂ ಹಾಕಿದ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಬಾಲ್ಕನಿಯಲ್ಲಿ ಕುರ್ಚಿ ಹಾಕಿದ್ದಾಯಿತು. ಬಚ್ಚಲುಮನೆಗೆ ಕಮಲಾಕ್ಷಿ ಅನುಮತಿ ಕೊಡಲಿಲ್ಲ. ಕತ್ತರಿಯಿಂದ ಗಡ್ಡ ಸವರಿ, ಬಿಸಿ ವಸ್ತ್ರ ಸುತ್ತಿ ತೆಗೆದು, ನರಹರಿ ಸಾಬೂನಿನ ಡಬ್ಬಿಗೆ ಕೈ ಹಾಕಿದವನು ಅಳುಕಿ ನಿಂತ.

“ಮೈಸಾಬೂನು ತರ್ಲೇನ್ರಿ?”

“ಯಾಕ? ಅದನ್ನ ಹಚ್ಚು,” ಎಂದರು ಮಾಸ್ತರು. “ನೆಲದ ಮ್ಯಾಲೆ ನನ್ನ ಜಾರಿಸ್ತು. ಗದ್ದದ ಮ್ಯಾಲೆ ಏನ ಜಾರಸ್ತದ ನೋಡೂಣು. ಮತ್ತ ಕೇಳು. ಶುದ್ಧಲೇಖನದಾಗ ಮೂರು ತಪ್ಪಾದ್ರ ಫೇಲು. ಇಲ್ಲೂ ಅಷ್ಟ.”

ನೊರೆ ಹತ್ತಿತು. ಮೊದಲ ಎರಡು ಸುತ್ತು ನಿರ್ವಿಘ್ನವಾಗಿ ಮುಗಿದವು. ಮೂರನೆಯದು, ಎದುರು ಸುತ್ತು. ಎರಡು ದಿನ ತಡೆಯುವುದು ಅದರಿಂದಲೇ. ನರಹರಿ ಪಕ್ಕದ ಸ್ಟೂಲಿನ ಮೇಲಿನ ನಕ್ಷೆ ನೋಡಿ, ಹಾಳೆಯ ಎಡದಲ್ಲಿದ್ದ ಸುಳಿಯ ಲೆಕ್ಕದಲ್ಲಿ, ತನ್ನ ಎಡಕ್ಕೆ ಕಂಡ ಕುತ್ತಿಗೆಯ ಮೇಲೆ ಉಸ್ತರಾ ತಿರುಗಿಸಿ ಎಳೆದ. ಮಾಸ್ತರು ಸ್ಸ್ ಎಂದರು. ಬಿಳಿ ನೊರೆಯಲ್ಲಿ ಕೆಂಪು ಚುಕ್ಕೆ ಮೂಡಿತು.

“ಒಂದು,” ಎಂದರು ಮಾಸ್ತರು, ಕಣ್ಣು ತೆರೆದು.

ನರಹರಿ ನಕ್ಷೆ ನೋಡಿದ, ಕುತ್ತಿಗೆ ನೋಡಿದ. ಮತ್ತೆ ನಕ್ಷೆ ನೋಡಿದ. ನಕ್ಷೆ ಬರೆದದ್ದು ಕನ್ನಡಿ ನೋಡಿ. ಈಗ ಮಾವ ಎದುರಿಗೇ ಕೂತಿದ್ದಾರೆ. ಹಾಳೆಯ ಎಡದಲ್ಲಿದ್ದದ್ದು ಮುಖದ ಎಡವೇ, ನಿಜ. ಆದರೆ ಎದುರು ನಿಂತವನಿಗೆ ಅದೇ ಎಡ ಬಲಗಡೆಗೆ ಬಂದಿತ್ತು. ಹತ್ತು ದಿನ ಅಳೆದು ಬರೆದು ಸಹಿ ಹಾಕಿದ ಪ್ರತಿ ಬಾಣವೂ ಅವನ ಕೈಯಲ್ಲಿ ತಿರುಗುಮುರುಗಾಗಿತ್ತು. ಎಡಗಡೆಯ ಬಿಡಿಭಾಗಕ್ಕೆ ಬಲಗಡೆಯ ನಕ್ಷೆ ಹಿಡಿದು ಬಂದ ಎಷ್ಟು ಜನ ತರುಣ ಇಂಜಿನಿಯರುಗಳನ್ನು ಅವನು ಕಾರ್ಖಾನೆಯಲ್ಲಿ ನಗುತ್ತ ವಾಪಸು ಕಳಿಸಿಲ್ಲ!

ಬಾಗಿಲಲ್ಲಿ ಕಮಲಾಕ್ಷಿ ನಿಂತಿದ್ದಳು. “ಆಗೂದಿಲ್ಲಂದ್ರ ಇಲ್ಲಿಗೇ ಬಿಡ್ರಿ. ಅಪ್ಪನ ರಕ್ತಾ ನೋಡ್ಲಿಕ್ಕೆ ನನಗಾಗೂದಿಲ್ಲ.”

“ಬಿಡೂದಿಲ್ಲ,” ಎಂದ ನರಹರಿ. ಮನಸ್ಸಿನಲ್ಲೇ ನಕ್ಷೆಯ ಮೇಲೆ ‘ತಿರಸ್ಕೃತ’ ಎಂದು ಒತ್ತಿ, ಅದನ್ನು ನಾಲ್ಕು ಮಡಿಕೆ ಮಾಡಿ ಎಡ ಅಂಗೈಯಲ್ಲಿಟ್ಟುಕೊಂಡು, ಉಸ್ತರಾದ ನೊರೆಯನ್ನು ಅದಕ್ಕೇ ಒರೆಸಿದ. ಆ ಹಾಳೆಯಿಂದ ಆದ ಮೊದಲ ಉಪಯೋಗ. ಚುಕ್ಕೆಗೆ ಪಟಕ ಹಚ್ಚಿದ. ಆಮೇಲೆ ಕಣ್ಣು ಮುಚ್ಚಿ, ಒದ್ದೆ ಬೆರಳುಗಳನ್ನು ಮಾವನ ಕುತ್ತಿಗೆಯ ಮೇಲೆ ಇಟ್ಟ. ಬೆರಳು ಹೇಳಿತು. ಇಲ್ಲಿ ಕೆಳಗೆ, ಇಲ್ಲಿ ಕಿವಿಯ ಕಡೆಗೆ, ಇಲ್ಲಿ ಸುಳಿ. ಒಂದು ಅಂಗುಲ ಮುಟ್ಟುವುದು, ಒಂದು ಅಂಗುಲ ಎಳೆಯುವುದು. ಮಡಿಕೆ ಬಿದ್ದಲ್ಲಿ ಚರ್ಮವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಬಿಗಿ ಮಾಡುವುದು. ನೀರು ಎರಡು ಸಲ ಆರಿತು,​ ಎರಡು ಸಲ ಬಿಸಿಯಾಗಿ ಬಂತು, ತಂದಿಟ್ಟವಳು ಕಮಲಾಕ್ಷಿ.

ಬಲ ಕೆನ್ನೆಗೆ ಬರುವಾಗ ಮಾಸ್ತರು ಏನೋ ಗೊಣಗಿದರು.

“ಏನಂದ್ರಿ?”

“ಬಾಳದ ಬೇರಿನ ವಾಸನಿ... ನಮ್ಮ ಸಾಲ್ಯಾಗ ಬ್ಯಾಸಗಿ ನೀರಿನ ಹರವಿಗೆ ಹಾಕ್ತಿದ್ವಿ. ನೀರ ಕುಡೀಲಿಕ್ಕಂತ ಹುಡುಗ್ರು ಬೇಕಂತಲೇ ಎದ್ದ ಹೋಗ್ತಿದ್ರು...”

ಮುಂದಿನ ಮಾತು ಬರಲಿಲ್ಲ. ನರಹರಿ ಬಗ್ಗಿ ನೋಡಿದ. ಬಾಯಿ ತುಸು ತೆರೆದಿತ್ತು. ಎಂಬತ್ತರ ಹೆಡ್ಮಾಸ್ತರು ಗಂಟಲ ಮೇಲೆ ಉಸ್ತರಾ ಇಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದರು. ಕಮಲಾಕ್ಷಿ ಏನೋ ಹೇಳಲು ಬಾಯಿ ತೆರೆದಳು. ನರಹರಿ ತುಟಿಯ ಮೇಲೆ ಬೆರಳಿಟ್ಟ. ಮದುವೆಯಾದಾಗಿನಿಂದ ಅವಳು ಅವನ ಸನ್ನೆಗೆ ಸುಮ್ಮನಾದದ್ದು ಅದೊಂದೇ ಸಲ.

ಮುಗಿಯುವಾಗ ಹತ್ತಕ್ಕೆ ಹತ್ತು ನಿಮಿಷ. ಸಂಜೆ ನಿತಿನ ಫೋಟೋ ಕೇಳಿದ. ಆಗ ನೆನಪಾಯಿತು, ತೆಗೆದೇ ಇರಲಿಲ್ಲ.

ಮಂಗಳವಾರ ನರಹರಿ ಕಾರ್ಖಾನೆಯಿಂದ ಮೂರು ಸಲ ಮನೆಗೆ ಫೋನ್ ಮಾಡಿ ಗದ್ದದ ಯೋಗಕ್ಷೇಮ ಕೇಳಿದ. ಬುಧವಾರ ಸಂಜೆ ಮಾಸ್ತರು ಜರಿಯಂಚಿನ ಧೋತರ, ಬಿಳಿ ಅಂಗಿ, ಕೊರಳಿಗೆ ಕಟ್ಟಿದ ಪ್ಲಾಸ್ಟರಿನ ಕೈಯೊಂದಿಗೆ ಸಿದ್ಧರಾಗಿ ಕೂತರು. ಹೊರಡುವ ಮೊದಲು ಕಮಲಾಕ್ಷಿ ಕನ್ನಡಕ ಹಾಕಿಕೊಂಡು ಟಾರ್ಚು ಹಿಡಿದು ಬಂದಳು; ಖೋಟಾ ನೋಟು ಹುಡುಕಿ ಪಳಗಿದ ಕಣ್ಣು. ಬಲ ಕೆನ್ನೆ ಆಯಿತು. ಮೇಲ್ದುಟಿ ಆಯಿತು. ಎಡ ಕೆನ್ನೆ, ಗದ್ದ. ಅವಳ ಮುಖದಲ್ಲಿ ಆಶ್ಚರ್ಯ ಕಾಣತೊಡಗಿತ್ತು. ಅಷ್ಟರಲ್ಲಿ ಟಾರ್ಚಿನ ಬೆಳಕು ಒಂದೆಡೆ ನಿಂತಿತು.

ಬಲ ದವಡೆಯ ಕೆಳಗೆ, ಮೊನ್ನೆ ಕೆಂಪು ಚುಕ್ಕೆ ಮೂಡಿದ್ದ ಜಾಗದ ಪಕ್ಕದಲ್ಲಿ, ಅರ್ಧ ಅಂಗುಲದ ಒಂದು ಬಿಳಿ ಕೂದಲು ಬೆಳಕಿನಲ್ಲಿ ತಂತಿಯಂತೆ ಹೊಳೆಯಿತು. ಚರ್ಮದ ಮಡಿಕೆಯಲ್ಲಿ ಅಡಗಿ ಕತ್ತರಿಗೂ ಮೊದಲೆರಡು ಸುತ್ತಿಗೂ ಅದು ತಪ್ಪಿಸಿಕೊಂಡಿತ್ತು; ಮೂರನೆಯದರಲ್ಲಿ ಪಟಕ ಹಚ್ಚುವ ಗಡಿಬಿಡಿಯಲ್ಲಿ ಅಲ್ಲಿಗೆ ಕೈ ಹೋಗಿರಲಿಲ್ಲ.

“ಇದ ನೋಡ್ರಿ,” ಎಂದಳು ಕಮಲಾಕ್ಷಿ. “ಒಂದು.”

ನರಹರಿ ಕಪಾಟಿನ ಕಡೆ ನೋಡಲಿಲ್ಲ. “ಹೌದು, ಬಿಟ್ಟದ. ನಂದ ತಪ್ಪು,” ಎಂದ.

ಮಾಸ್ತರು ಎಡಗೈಯಿಂದ ಆ ಕೂದಲನ್ನು ತಡವಿ ನೋಡಿಕೊಂಡರು. “ಅದೇನ ತಪ್ಪಲ್ಲವ್ವಾ. ಅಲ್ಲೊಂದ ಮಚ್ಚಿ ಅದ. ಮಚ್ಚೀ ಕೂದಲಾ ತಗೀಬಾರ್ದು. ಅರವತ್ತ ವರ್ಷ ನಾನೂ ಬಿಟ್ಟೇನಿ.”

“ಮಚ್ಚಿ? ನಾ ಎಂದೂ ನೋಡಿಲ್ಲಪಾ.”

“ನಿನಗೇನ ತಿಳೀತದ. ಟಾರ್ಚ್ ಆರಸು. ಹೊತ್ತಾತು.”

ಹತ್ತು ದಿನ ಆ ಗದ್ದವನ್ನು ಅಂಗುಲ ಅಂಗುಲವಾಗಿ ಅಳೆದವನು ನರಹರಿ. ಅಲ್ಲಿ ಮಚ್ಚೆಯಿರಲಿಲ್ಲ. ಅವನು ಹೋಗಿ ಮಾವನ ಚಪ್ಪಲಿ ತಂದಿಟ್ಟ.

ಸಭೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಗದ್ಗದಿತರಾಗಿ ಮಾತಾಡಿದರು. “ನಮ್ಮ ಮಾಸ್ತರು ಜೀವಮಾನದಾಗ ಒಂದೇ ಒಂದು ಗ್ರೇಸ್ ಮಾರ್ಕು ಕೊಟ್ಟವರಲ್ಲ!” ಚಪ್ಪಾಳೆ ಬಿತ್ತು. ವೇದಿಕೆಯ ಮೇಲೆ ಮಾಸ್ತರು ಛಾವಣಿ ನೋಡುತ್ತ ಕೂತಿದ್ದರು. ಮೂರನೆಯ ಸಾಲಿನಲ್ಲಿ ನರಹರಿಗೆ ಕೆಮ್ಮು ಬಂದು ಹೊರಗೆ ಹೋಗಬೇಕಾಯಿತು. ಆಮೇಲೆ ಉಣ್ಣೆಯ ಶಾಲು ಹೊದಿಸಿದರು. ಶಾಲಿನ ಅಂಚು ಕೆನ್ನೆಯ ಮೇಲೆ ಎಲ್ಲಿಯೂ ಸಿಕ್ಕಿಕೊಳ್ಳದೆ ಹೆಗಲಿಗೆ ಇಳಿಯಿತು. ಗುರುವಾರ ರದ್ದಿಯವನು ಬಂದು ಪೇಪರು ಮಾತ್ರ ಒಯ್ದ.

ಎರಡು ವಾರದ ಮೇಲೆ ಪ್ಲಾಸ್ಟರ್ ಬಿಚ್ಚಿದರು. ಮುಷ್ಟಿ ಬಿಗಿಯುತ್ತದೆ, ಪೆನ್ನು ನಿಲ್ಲುತ್ತದೆ, ಎಲ್ಲ ಸರಿಯಿದೆ ಎಂದರು ವೈದ್ಯರು. ಮರುದಿನ ಬೆಳಿಗ್ಗೆ ಆರಕ್ಕೆ ನರಹರಿ ಬಹುದಿನಗಳ ಮೇಲೆ ಟವೆಲ್ಲು ಹಾಸಿ, ಹಿತ್ತಾಳೆ ರೇಜರು ಹೊರಗೆ ತೆಗೆದು, ಇನ್ನೇನು ಬಚ್ಚಲ ಬಾಗಿಲು ಹಾಕಿಕೊಳ್ಳಬೇಕು. ಬಾಲ್ಕನಿಯಲ್ಲಿ ಕುರ್ಚಿ ಎಳೆದ ಸಪ್ಪಳವಾಯಿತು. ಹೋಗಿ ನೋಡಿದರೆ ಮಾಸ್ತರು ಕೊರಳಿಗೆ ಪಂಚೆ ಸುತ್ತಿಕೊಂಡು ಕೂತಿದ್ದಾರೆ. ಗುಣವಾದ ಬಲಗೈ ತೊಡೆಯ ಮೇಲಿತ್ತು. ಅದರಲ್ಲಿ ಪಂಚಾಂಗವಿತ್ತು.

“ಇವತ್ತ ಗುರುವಾರ. ಏನೂ ಅಡ್ಡಿಲ್ಲ,” ಎಂದು ಗದ್ದ ಮೇಲೆತ್ತಿ ಕಣ್ಣು ಮುಚ್ಚಿದರು. “ಲಗೂನ ಬಾರೋ.”